ನಮ್ಮ ನಾಡಿನ ಸ್ತ್ರೀವಿದ್ಯಾಭ್ಯಾಸ: ಒಂದು ಐತಿಹಾಸಿಕ ಪರಿಶೀಲನೆ

ಒಂದು ಜನಾಂಗದ ಏಳಿಗೆಯನ್ನು ಅಳೆಯುವುದಕ್ಕೆ ಅನೇಕ ಅಳತೆಗೋಲುಗಳುಂಟು. ಆ ಜನಾಂಗದ ಹೆಣ್ಣುಮಕ್ಕಳು ಎಷ್ಟು ವರ್ಷ ಓದುತ್ತಾರೆ, ಏನನ್ನು ಓದುತ್ತಾರೆ, ಆ ಓದನ್ನು ಆರಿಸುವವರು ಯಾರು ಎಂಬ ಮೂರು ಪ್ರಶ್ನೆಗಳು ಅವುಗಳಲ್ಲಿ ಮುಖ್ಯವಾದುವು. ಗಡಿನಾಡಿನ ಕನ್ನಡಿಗರಾದ ನಮಗೆ ಭಾಷೆಯ ಪ್ರಶ್ನೆಯೇ ಸದಾ ದೊಡ್ಡದಾಗಿ ತೋರುವುದರಿಂದ ಈ ಮೂರೂ ಹಿಂದೆ ಸರಿದುಬಿಡುವುದುಂಟು. ಸಂಘದ ವಾರ್ಷಿಕೋತ್ಸವದ ಶುಭಸಂದರ್ಭದಲ್ಲಿ ಇವುಗಳ ಚರಿತ್ರೆಯನ್ನು ಸಂಕ್ಷೇಪವಾಗಿ ಪರಿಶೀಲಿಸುವುದು ಅನುಚಿತವಾಗಲಾರದು.

ಕನ್ನಡ ನಾಡಿನಲ್ಲಿ ವಿದ್ಯಾವತಿಯರಾದ ಸ್ತ್ರೀಯರು ಇರಲಿಲ್ಲವೆಂದು ಯಾರೂ ಹೇಳಲಾರರು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ದಾನಮಾಡಿದ ಅತ್ತಿಮಬ್ಬೆ, ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿ, ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಹದಿಬದೆಯ ಧರ್ಮ’ವನ್ನು ರಚಿಸಿದ ಸಂಚಿಯ ಹೊನ್ನಮ್ಮ ಇವರ ಹೆಸರುಗಳು ನಮ್ಮ ಮಕ್ಕಳಿಗೆಲ್ಲ ಬಾಯಿಪಾಠ. ಗಂಡುಮಗುವನ್ನು ಹಿಗ್ಗಿ, ಹೆಣ್ಣುಮಗುವನ್ನು ಕುಗ್ಗಿ ಕಾಣುವ ತಂದೆತಾಯಿಗಳನ್ನು ಹೊನ್ನಮ್ಮನು ಅಂದೇ ಆಕ್ಷೇಪಿಸಿದ್ದಾಳೆ. ಆದರೆ ಅಲ್ಲೊಂದು ಇಲ್ಲೊಂದು ನಕ್ಷತ್ರ ಮಿನುಗಿದ ಮಾತ್ರಕ್ಕೆ ಬೆಳಗಾಯಿತೆಂದು ಹೇಳಲಾಗದು. ಸಾಮಾನ್ಯ ಮನೆಯ ಹುಡುಗಿಯ ಸ್ಥಿತಿ ಏನಾಗಿತ್ತು ಎಂಬುದೇ ಇಲ್ಲಿ ವಿಚಾರಾರ್ಹವಾದ ಸಂಗತಿ.

1792ರಲ್ಲಿ ಬಾರಾಮಹಲು, 1799ರಲ್ಲಿ ಶ್ರೀರಂಗಪಟ್ಟಣದ ಪತನಾನಂತರ ಹೊಸೂರು ಸೀಮೆ, ಹೀಗೆ ನಮ್ಮ ಪ್ರದೇಶವು ಇಂಗ್ಲಿಷ್ ಕಂಪನಿಯ ಕೈಸೇರಿತು. ಬಾರಾಮಹಲಿನ ಕಂದಾಯ ವ್ಯವಸ್ಥೆಯಲ್ಲಿ ದುಡಿದ ತಾಮಸ್ ಮನ್ರೋ ಮುಂದೆ ಮದರಾಸಿನ ಗವರ್ನರನಾಗಿ, 1822ರಲ್ಲಿ ಆಧಿಪತ್ಯದ ದೇಶೀಯ ಪಾಠಶಾಲೆಗಳ ಲೆಕ್ಕವನ್ನು ತೆಗೆಯಿಸಿದನು. ಬಳ್ಳಾರಿ ಆಗ ಮದರಾಸಿಗೆ ಸೇರಿದ್ದ ಕನ್ನಡದ ಗಡಿಸೀಮೆ. ಅಲ್ಲಿನ ಕಲೆಕ್ಟರ್ ಕ್ಯಾಂಬೆಲ್ 1823ರಲ್ಲಿ ಕಳುಹಿಸಿದ ವರದಿ ಇಂದಿಗೂ ಓದತಕ್ಕದ್ದು. ಇದ್ದ ಶಾಲೆಗಳು 533. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ವಿದ್ಯಾರ್ಥಿಗಳು 6,641. ಇವರಲ್ಲಿ ಹುಡುಗಿಯರು ಕೇವಲ 60! ನೂರು ಮಕ್ಕಳಿಗೆ ಒಬ್ಬ ಹುಡುಗಿಯೂ ಪೂರ್ತಿಯಾಗಿ ಸಿಕ್ಕುವುದಿಲ್ಲ. ಕನ್ನಡ ಶಾಲೆಗಳಿಗೆ ಅಂದು ಕೊರತೆಯಿರಲಿಲ್ಲ. ಕೊರತೆಯಿದ್ದುದು ಹೆಣ್ಣನ್ನು ಅಲ್ಲಿಗೆ ಕಳುಹಿಸುವ ಮನಸ್ಸಿಗೆ.

ಈ ಮನಸ್ಸಿನ ಹಿಂದೆ ಬಾಲ್ಯವಿವಾಹವೆಂಬ ಬಲವಾದ ಕಟ್ಟು ಇದ್ದಿತು. ಮೈಸೂರು ಸಂಸ್ಥಾನವು 1894ರಲ್ಲಿ ಶಾಸನಮಾಡಿ ನಿಷೇಧಿಸಿದುದು ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ವಿವಾಹವನ್ನು ಎಂದರೆ, ಅಂದಿನ ವಾಡಿಕೆ ಎಂಥದೆಂದು ಊಹಿಸಬಹುದು. 1878ರಲ್ಲಿ ನಮ್ಮ ತೊರಪಳ್ಳಿಯಲ್ಲಿ ಹುಟ್ಟಿದ ರಾಜಗೋಪಾಲಾಚಾರ್ಯರು ಹೊಸೂರಿನಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋಗಿ, ಕೊನೆಗೆ ಭಾರತದ ಗವರ್ನರ್ ಜನರಲ್ ಪದವಿಯನ್ನೇ ಅಲಂಕರಿಸಿದರು. ಆದರೆ ಅದೇ ಕಾಲದ ಹೆಣ್ಣುಮಗಳಿಗೆ ವಾಡಿಕೆ ತೋರಿಸುತ್ತಿದ್ದ ದಾರಿ ತವರಿನಿಂದ ಅತ್ತೆಯ ಮನೆಗೆ ಮಾತ್ರ.

ಇಂಥ ಕಾಲದಲ್ಲಿ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದಿಂದಲೂ ಅಂಬಳೆ ನರಸಿಂಹಯ್ಯಂಗಾರ್ಯರ ಪರಿಶ್ರಮದಿಂದಲೂ 1881ರಲ್ಲಿ ಮಹಾರಾಣಿ ಬಾಲಿಕಾ ಪಾಠಶಾಲೆ ಆರಂಭವಾಯಿತು. ಮುಂದೆ ಅದೇ ಮಹಾರಾಣಿ ಕಾಲೇಜಾಗಿ ಬೆಳೆಯಿತು. ಶಾಲೆಯ ಬಾಗಿಲು ತೆರೆಯದವರೂ ಸುಮ್ಮನಿರಲಿಲ್ಲ. ಬಾಲ್ಯದಲ್ಲಿಯೇ ವೈಧವ್ಯಕ್ಕೆ ಗುರಿಯಾದ ನಂಜನಗೂಡು ತಿರುಮಲಾಂಬಾ ಮನೆಯಲ್ಲಿಯೇ ಓದಿ 1913ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನು ಹೊರಡಿಸಿದರು, ಆರ್. ಕಲ್ಯಾಣಮ್ಮನವರು 1921ರಲ್ಲಿ ‘ಸರಸ್ವತಿ’ ಪತ್ರಿಕೆಯನ್ನು ಆರಂಭಿಸಿ ದಶಕಗಳ ಕಾಲ ನಡೆಸಿದರು.

ಶಾಲೆಯ ಬಾಗಿಲು ತೆರೆದ ಮೇಲೆ ಎರಡನೆಯ ತಡೆ ಎದುರಾಯಿತು. ಹೆಣ್ಣು ಓದಬಹುದು, ಆದರೆ ಏನನ್ನು? 1882ರ ಹಂಟರ್ ಆಯೋಗವು ಸ್ತ್ರೀಶಿಕ್ಷಣಕ್ಕೆ ಧನಸಹಾಯ ಹೆಚ್ಚಬೇಕೆಂದು ಹೇಳಿತಾದರೂ, ಹುಡುಗಿಯರ ಪಠ್ಯಕ್ರಮವು ಗೃಹಜೀವನಕ್ಕೆ ಹೊಂದುವಂತೆ ಸರಳವಾಗಿರಬೇಕೆಂದೂ ಸೂಚಿಸಿತು. ಗಣಿತ, ವಿಜ್ಞಾನಗಳು ಗಂಡಿಗೆ. ಹೊಲಿಗೆ, ಸಂಗೀತ, ಗೃಹಕೃತ್ಯಗಳು ಹೆಣ್ಣಿಗೆ ಎಂಬ ವಿಭಾಗ ಹೀಗೆ ಬೇರೂರಿತು. ತಿರುವನಂತಪುರದಲ್ಲಿ ಮೇರಿ ಪೂನ್ನೆನ್ ಎಂಬ ಕನ್ಯೆಗೆ, ಹೆಣ್ಣೆಂಬ ಕಾರಣದಿಂದ, ಕಾಲೇಜಿನ ವಿಜ್ಞಾನ ತರಗತಿಯಲ್ಲಿ ಸ್ಥಳ ದೊರೆಯಲಿಲ್ಲ. ಆಕೆ ಚರಿತ್ರೆಯನ್ನು ಓದಿ 1909ರಲ್ಲಿ ಬಿ.ಎ. ಪದವೀಧರೆಯಾಗಿ, ಬಳಿಕ ಲಂಡನ್ನಿಗೆ ಹೋಗಿ ವೈದ್ಯವಿದ್ಯೆಯನ್ನು ಸಾಧಿಸಿದರು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಕಮಲಾ ಭಾಗವತರಿಗೆ ಸರ್ ಸಿ. ವಿ. ರಾಮನ್ನರು ಮೊದಲು ಪ್ರವೇಶ ನಿರಾಕರಿಸಿ, ಆಕೆ ಪಟ್ಟು ಹಿಡಿದ ಮೇಲೆ ಒಂದು ವರ್ಷದ ಪರೀಕ್ಷಾವಧಿಯ ಷರತ್ತಿನೊಡನೆ ಸೇರಿಸಿಕೊಂಡರು. ಆಕೆ 1939ರಲ್ಲಿ ಕೇಂಬ್ರಿಡ್ಜಿನ ಡಾಕ್ಟರೇಟ್ ಪಡೆದರು.

ಇದಕ್ಕೆ ಪ್ರತಿಯಾಗಿ ರಾಜೇಶ್ವರಿ ಚಟರ್ಜಿಯವರ ಉದಾಹರಣೆಯನ್ನು ನೋಡಿ. 1922ರಲ್ಲಿ ಕನ್ನಡ ನಾಡಿನಲ್ಲಿ ಹುಟ್ಟಿದ ಇವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರಿನ ಮೊದಮೊದಲ ಪದವೀಧರೆಯರಲ್ಲಿ ಒಬ್ಬರು. ಚರಿತ್ರೆಯತ್ತ ಒಲವಿದ್ದ ಮೊಮ್ಮಗಳು ಕೊನೆಗೆ ಗಣಿತ, ಭೌತಶಾಸ್ತ್ರಗಳನ್ನು ತಾನೇ ಆರಿಸಿಕೊಂಡು, 1953ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಡಾಕ್ಟರೇಟ್ ಮುಗಿಸಿ, ಅದೇ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕಿಯಾದರು. ಮೇರಿಯವರಿಗೆ ಚರಿತ್ರೆ ನಿರ್ಬಂಧವಾಗಿತ್ತು. ರಾಜೇಶ್ವರಿಯವರಿಗೆ ಗಣಿತ ಆಯ್ಕೆಯಾಯಿತು. ಎಲ್ಲ ಹುಡುಗಿಯರೂ ಗಣಿತವನ್ನೇ ಓದಬೇಕೆಂಬುದು ಇದರ ತಾತ್ಪರ್ಯವಲ್ಲ. ಆಯುವ ಕೈ ಅವಳದಾಗಿರಬೇಕೆಂಬುದೇ ತಾತ್ಪರ್ಯ. 1962ರಲ್ಲಿ ಹಂಸಾ ಮೆಹ್ತಾ ಸಮಿತಿಯೂ ಲಿಂಗಭೇದದ ಆಧಾರದಿಂದ ಪಠ್ಯಕ್ರಮವನ್ನು ಬೇರ್ಪಡಿಸಬಾರದೆಂದು ನಿರ್ಣಯಿಸಿತು.

ಇನ್ನು ಅಂಕಿಗಳತ್ತ ನೋಡೋಣ. 1901ರಲ್ಲಿ ಭಾರತದಲ್ಲಿ ಅಕ್ಷರಸ್ಥರಾದ ಪುರುಷರು ಸಾವಿರಕ್ಕೆ 98, ಸ್ತ್ರೀಯರು ಸಾವಿರಕ್ಕೆ 6. 1951ರಲ್ಲಿ ಪುರುಷರು ಶೇಕಡಾ 27, ಸ್ತ್ರೀಯರು ಶೇಕಡಾ 9. 2004ರಲ್ಲಿ ರೂಪುಗೊಂಡ ನಮ್ಮ ಕೃಷ್ಣಗಿರಿ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ ಪುರುಷರು ಶೇಕಡಾ ಸುಮಾರು 79, ಸ್ತ್ರೀಯರು 64. ತಮಿಳುನಾಡಿನ ಒಟ್ಟು ಲೆಕ್ಕದಲ್ಲಿ 87 ಮತ್ತು 73. ಅಂದರೆ ನಮ್ಮ ಜಿಲ್ಲೆಯ ಸ್ತ್ರೀಯರು ರಾಜ್ಯದ ಸರಾಸರಿಗಿಂತ ಹಿಂದೆ ಇದ್ದರು. ಆದರೆ ಇದು ಎಲ್ಲ ವಯಸ್ಸಿನವರ ಲೆಕ್ಕ. ನಿನ್ನೆಯ ಅಜ್ಜಿಯರ ಕತ್ತಲೆಯೂ ಇದರಲ್ಲಿ ಸೇರಿದೆ. ಇಂದಿನ ಶಾಲೆಯ ಚಿತ್ರವೇ ಬೇರೆ. 2024ರ ಹನ್ನೆರಡನೆಯ ತರಗತಿಯ ಪರೀಕ್ಷೆಯಲ್ಲಿ ರಾಜ್ಯದ ಹುಡುಗಿಯರಲ್ಲಿ ಶೇಕಡಾ 96.44, ಹುಡುಗರಲ್ಲಿ 92.37 ಮಂದಿ ತೇರ್ಗಡೆಯಾದರು. ಬುದ್ಧಿಯಲ್ಲಿ ಹೆಣ್ಣು ಹಿಂದು ಎಂಬ ಹಳೆಯ ವಾದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಹಾಗಾದರೆ ತಡೆ ಎಲ್ಲಿದೆ? ತೇರ್ಗಡೆಯಾದ ಮರುದಿನದಲ್ಲಿದೆ. ಮಗ ಬೆಂಗಳೂರಿಗೆ ಹೋದರೆ ಅದು ಹತ್ತಿರ. ಮಗಳಿಗೆ ಅದೇ ಊರು ದೂರ. ಕನ್ನಡದಲ್ಲಿ ದ್ಯುತಿಸಂಶ್ಲೇಷಣೆಯನ್ನೂ ತ್ರಿಕೋನಮಿತಿಯನ್ನೂ ಚೆನ್ನಾಗಿ ಕಲಿತ ಹುಡುಗಿ, ಮುಂದಿನ ತರಗತಿಯಲ್ಲಿ ಅವೇ ವಿಷಯಗಳು ಇಂಗ್ಲಿಷ್ ಹೆಸರುಗಳನ್ನು ಧರಿಸಿ ಬಂದಾಗ ತಬ್ಬಿಬ್ಬಾಗುತ್ತಾಳೆ. ಅವಳಿಗೆ ವಿಜ್ಞಾನ ಬಾರದೆಂದು ಮನೆಯವರು ತೀರ್ಮಾನಿಸಿಬಿಡುತ್ತಾರೆ. ಬಾರದಿರುವುದು ವಿಜ್ಞಾನವಲ್ಲ, ಕೆಲವು ನೂರು ಪದಗಳು ಮಾತ್ರ. ಅದೇ ಕಷ್ಟವಿರುವ ಹುಡುಗನಿಗೆ ಮನೆಪಾಠಕ್ಕೆ ಹಣ ಒದಗುತ್ತದೆ. ಹುಡುಗಿಗೆ ವರ ಒದಗುತ್ತಾನೆ. 1978ರಿಂದ ಹೆಣ್ಣಿನ ವಿವಾಹವಯಸ್ಸು 18 ಎಂದು ಕಾನೂನು ಇದ್ದರೂ ಅದನ್ನು ಮೀರುವ ಮದುವೆಗಳು ನಮ್ಮ ಸೀಮೆಯಲ್ಲಿ ನಿಂತಿಲ್ಲವೆಂಬುದು ನಾಚಿಕೆಯ ವಿಷಯ. ಇತ್ತ ಹುಡುಗರೂ ಬೇಗನೆ ಕೂಲಿಯ ಆಸೆಗೆ ಬಿದ್ದು ಓದು ಬಿಡುತ್ತಿರುವುದನ್ನು ಉಪಾಧ್ಯಾಯರಾದ ನಾವು ಕಾಣುತ್ತಿದ್ದೇವೆ, ಅದೂ ಅಲಕ್ಷಿಸತಕ್ಕದ್ದಲ್ಲ.

ಸರ್ಕಾರದ ನೆರವು ಇಲ್ಲದಿಲ್ಲ. ಸರ್ಕಾರಿ ಶಾಲೆಗಳಲ್ಲಿ ಓದಿ ಉನ್ನತ ಶಿಕ್ಷಣಕ್ಕೆ ಸೇರುವ ಹುಡುಗಿಯರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವ ‘ಪುದುಮೈ ಪೆಣ್’ ಯೋಜನೆಯನ್ನು ತಮಿಳುನಾಡು 2022ರಲ್ಲಿ ಆರಂಭಿಸಿತು. ಹಣದ ನೆಪ ಇದರಿಂದ ಸ್ವಲ್ಪಮಟ್ಟಿಗಾದರೂ ಕಳೆಯಿತು. ಉಳಿದ ಕೆಲಸ ನಮ್ಮದು. ಹತ್ತನೆಯ ತರಗತಿ ಮುಗಿಸಿದ ಮಕ್ಕಳಿಗೆ ಬೇಸಗೆಯ ರಜೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್ ಪಾರಿಭಾಷಿಕ ಪದಗಳನ್ನು ಜೊತೆಗೂಡಿಸಿ ಕಲಿಸುವ ತರಗತಿಯನ್ನು ನಮ್ಮಂಥ ಸಂಘಗಳು ನಡೆಸಬಹುದು. ಅದಕ್ಕೆ ಬೇಕಾದುದು ಒಂದು ಕೊಠಡಿ, ಇಬ್ಬರು ಉಪಾಧ್ಯಾಯರು. ತಂದೆತಾಯಿಗಳು ಮಾಡಬೇಕಾದುದು ಇನ್ನೂ ಸುಲಭ. ವಿಷಯವನ್ನು ಆರಿಸುವ ದಿನ, ನೆರೆಹೊರೆಯವರನ್ನು ಕೇಳುವ ಮೊದಲು, ಮಗಳನ್ನು ಕೇಳಿರಿ.

ಇನ್ನೂರು ವರ್ಷಗಳ ಹಿಂದೆ ಆರು ಸಾವಿರಕ್ಕೂ ಮೇಲ್ಪಟ್ಟ ಮಕ್ಕಳ ನಡುವೆ ಕುಳಿತು ಅಕ್ಷರ ತಿದ್ದಿದ ಆ ಅರವತ್ತು ಹುಡುಗಿಯರ ಹೆಸರು ಯಾವ ಕಡತದಲ್ಲಿಯೂ ಇಲ್ಲ. ನಮ್ಮ ಕಾಲದ ಹುಡುಗಿಯರ ಹೆಸರಾದರೂ ಅವರು ತಾವೇ ಆರಿಸಿಕೊಂಡ ವಿದ್ಯೆಯೊಡನೆ ಉಳಿಯಲಿ ಎಂದು ಹಾರೈಸುತ್ತೇನೆ.