ಸೀಸದ ಸೈನಿಕರು, ಪುಟ್ಟ ಸಮರಗಳು

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಸ್ಯಾಂಡ್‌ಗೇಟ್ ಎಂಬ ಊರು. ಇಪ್ಪತ್ತನೆಯ ಶತಮಾನದ ಮೊದಲ ದಶಕ. ಕಾದಂಬರಿಕಾರ ಎಚ್.ಜಿ. ವೆಲ್ಸ್ ಮನೆಯಲ್ಲಿ ಮಧ್ಯಾಹ್ನದ ಊಟ ಮುಗಿದಿತ್ತು, ಕಾಫಿ ಇನ್ನೂ ಬಂದಿರಲಿಲ್ಲ. ಕೋಣೆಯ ತುಂಬ ಮಕ್ಕಳ ಆಟಿಕೆಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ಪಕ್ಕದ ಮೇಜಿನ ಮೇಲೆ ನಾಲ್ಕೈದು ಆಟಿಕೆ ಸೈನಿಕರು ಮತ್ತು ಒಂದು ಪುಟ್ಟ ಫಿರಂಗಿ. ಊಟಕ್ಕೆ ಬಂದಿದ್ದ ಗೆಳೆಯ ಕುರ್ಚಿ ಎಳೆದುಕೊಂಡು ಆ ಮೇಜಿನ ಮುಂದೆ ಕುಳಿತ. ಫಿರಂಗಿಗೆ ಮರದ ಗುಂಡು ತುಂಬಿ ಗುರಿಯಿಟ್ಟ. ಒಬ್ಬ ಸೈನಿಕ ಉರುಳಿ ಬಿದ್ದ. ಗೆಳೆಯ ಜಂಬ ಕೊಚ್ಚಿಕೊಂಡು, ಧೈರ್ಯವಿದ್ದರೆ ನೀನೂ ಹೊಡೆದು ತೋರಿಸು ಎಂದು ಸವಾಲು ಹಾಕಿದ.

ಆ ಗೆಳೆಯನ ಹೆಸರನ್ನು ವೆಲ್ಸ್ ‘ಜೆ.ಕೆ.ಜೆ.’ ಎಂಬ ಮೂರಕ್ಷರಗಳಲ್ಲಷ್ಟೇ ಹೇಳಿದ್ದಾರೆ. ಅವರು ಹಾಸ್ಯ ಲೇಖಕ ಜೆರೋಮ್ ಕೆ. ಜೆರೋಮ್ ಎಂಬುದು ಬಲ್ಲವರ ಅಭಿಪ್ರಾಯ. ಕಾಫಿಗೆ ಕಾಯುತ್ತ ಹುಟ್ಟಿದ ಈ ಸವಾಲೇ ಮುಂದೆ ‘ಲಿಟಲ್ ವಾರ್ಸ್’ ಎಂಬ ಪುಸ್ತಕವಾಯಿತು. 1913ರಲ್ಲಿ ಪ್ರಕಟವಾದ ಆ ಪುಸ್ತಕ, ಪುಟ್ಟ ಗೊಂಬೆ ಸೈನಿಕರಿಂದ ಆಡುವ ಯುದ್ಧದಾಟಕ್ಕೆ ತಳಪಾಯ ಹಾಕಿತು. ಇಂದು ಜಗತ್ತಿನ ಹಲವು ದೇಶಗಳಲ್ಲಿ ದೊಡ್ಡವರೂ ಮೈಮರೆತು ಆಡುವ ಆಟ ಇದು.

ಚದುರಂಗದ ಮಕ್ಕಳು

ಮಣೆಯ ಮೇಲೆ ಸೈನ್ಯ ಹೂಡುವ ಕಲ್ಪನೆ ಭಾರತೀಯರಿಗೆ ಹೊಸತಲ್ಲ. ಆನೆ, ಕುದುರೆ, ರಥ, ಕಾಲಾಳು ಎಂಬ ಚತುರಂಗ ಬಲವೇ ಚದುರಂಗಕ್ಕೆ ಹೆಸರು ಕೊಟ್ಟದ್ದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇಂಥ ಆಟಗಳಲ್ಲಿ ಎಷ್ಟು ಆಸಕ್ತಿಯಿತ್ತೆಂದರೆ, ‘ಶ್ರೀತತ್ತ್ವನಿಧಿ’ಯಲ್ಲಿ ‘ಕೌತುಕನಿಧಿ’ ಎಂಬ ಭಾಗವನ್ನೇ ಅವುಗಳಿಗೆ ಮೀಸಲಿಟ್ಟರು.

ಯುರೋಪಿನಲ್ಲೂ ಯುದ್ಧದಾಟ ಹೊರಟದ್ದು ಚದುರಂಗದಿಂದಲೇ. ಜರ್ಮನಿಯ ಬ್ರನ್ಸ್‌ವಿಕ್‌ನಲ್ಲಿ ಗಣಿತದ ಮೇಷ್ಟರಾಗಿದ್ದ ಹೆಲ್ವಿಗ್ 1780ರಲ್ಲಿ ಚದುರಂಗದ ಮಣೆಯನ್ನು 1617 ಮನೆಗಳಿಗೆ ಹಿಗ್ಗಿಸಿದರು. ಮನೆಗಳಿಗೆ ಬಣ್ಣ ಹಚ್ಚಿ ಬೆಟ್ಟ, ಕಾಡು, ನೀರು ಎಂದು ಗುರುತಿಸಿದರು. ಸೇನೆ ಸೇರಲಿರುವ ಹುಡುಗರಿಗೆ ಯುದ್ಧತಂತ್ರವನ್ನು ಆಟದ ಮೂಲಕ ಕಲಿಸಬೇಕೆಂಬುದು ಅವರ ಉದ್ದೇಶ.

ಆದರೆ ನಿಜವಾದ ನೆಲ ಚೌಕ ಚೌಕವಾಗಿರುವುದಿಲ್ಲ. ಈ ಕೊರತೆಯನ್ನು ನೀಗಿಸಿದ್ದು ಪ್ರಷ್ಯದ ಫಾನ್ ರೈಸ್ವಿಟ್ಸ್ ಎಂಬ ತಂದೆ ಮತ್ತು ಮಗ. ತಂದೆ 1812ರಲ್ಲಿ ಗಚ್ಚಿನ ಬಿಲ್ಲೆಗಳನ್ನು ಜೋಡಿಸಿ ಬೇಕಾದ ಭೂಪ್ರದೇಶ ರಚಿಸಿಕೊಳ್ಳಬಹುದಾದ ಮೇಜೊಂದನ್ನು ರಾಜನಿಗೆ ಒಪ್ಪಿಸಿದ. ಫಿರಂಗಿ ದಳದ ಅಧಿಕಾರಿಯಾಗಿದ್ದ ಮಗ 1824ರಲ್ಲಿ ಮೇಜನ್ನೇ ಕೈಬಿಟ್ಟು 1:8000 ಪ್ರಮಾಣದ ನಕ್ಷೆಗಳ ಮೇಲೆ ಆಡುವ ನಿಯಮಗಳನ್ನು ರೂಪಿಸಿದ. ಒಂದೊಂದು ನಡೆಗೂ ಎರಡು ನಿಮಿಷದ ಯುದ್ಧಕಾಲದ ಲೆಕ್ಕ. ಗುಂಡಿನ ಪರಿಣಾಮ ತಿಳಿಯಲು ದಾಳ. ಆಟಗಾರರು ಆಜ್ಞೆಗಳನ್ನು ಬರೆದು ತೀರ್ಪುಗಾರನಿಗೆ ಕೊಡಬೇಕು. ವೈರಿಯ ಪಡೆ ಕಣ್ಣಿಗೆ ಬೀಳುವಷ್ಟು ಹತ್ತಿರ ಬಂದಾಗ ಮಾತ್ರ ತೀರ್ಪುಗಾರ ಅದನ್ನು ನಕ್ಷೆಯ ಮೇಲಿಡುತ್ತಾನೆ.

ಸೇನೆಯ ಮುಖ್ಯಸ್ಥ ಮ್ಯೂಫ್ಲಿಂಗ್ ಮೊದಲು ಉದಾಸೀನದಿಂದಲೇ ನೋಡುತ್ತ ಕುಳಿತಿದ್ದರಂತೆ. ಆಟ ಮುಗಿಯುವ ಹೊತ್ತಿಗೆ, ಇದು ಆಟವಲ್ಲ, ಯುದ್ಧದ ಶಿಕ್ಷಣವೇ ಸರಿ ಎಂದು ಉದ್ಗರಿಸಿದರು. ರಾಜಾಜ್ಞೆಯ ಮೇರೆಗೆ ಆಟ ಪ್ರಷ್ಯದ ದಳಗಳಿಗೆ ಹಂಚಿಕೆಯಾಯಿತು. ಆದರೆ ಅದನ್ನು ರೂಪಿಸಿದ ತರುಣ 1827ರಲ್ಲಿ ಆತ್ಮಹತ್ಯೆ ಮಾಡಿಕೊಂಡ. 1870-71ರ ಯುದ್ಧದಲ್ಲಿ ಫ್ರಾನ್ಸ್ ಪ್ರಷ್ಯಕ್ಕೆ ಸೋತ ಮೇಲೆ, ಆ ಗೆಲುವಿನ ಗುಟ್ಟು ಹುಡುಕಿ ಹೊರಟ ಇತರ ದೇಶಗಳೂ ಈ ಆಟದತ್ತ ಕಣ್ಣು ಹಾಯಿಸಿದವು.

ಅಟ್ಟದಿಂದ ಹುಲ್ಲುಹಾಸಿಗೆ

ಸೇನಾ ಕಚೇರಿಗಳ ಈ ಗಂಭೀರ ಆಟಕ್ಕೂ ಮಕ್ಕಳ ಗೊಂಬೆ ಸೈನಿಕರಿಗೂ ಬಹುಕಾಲ ನಂಟಿರಲಿಲ್ಲ. ನಂಟು ಬೆಳೆಸಿದವರಲ್ಲಿ ‘ಟ್ರೆಷರ್ ಐಲ್ಯಾಂಡ್’ ಬರೆದ ರಾಬರ್ಟ್ ಲೂಯಿ ಸ್ಟೀವನ್‌ಸನ್ ಒಬ್ಬರು. ಶ್ವಾಸಕೋಶದ ಕಾಯಿಲೆಯಿಂದ ನರಳುತ್ತಿದ್ದ ಅವರು 1881-82ರ ಚಳಿಗಾಲವನ್ನು ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ಕಳೆದರು. ಅಲ್ಲಿ ಮನೆಯ ಅಟ್ಟದ ನೆಲದ ಮೇಲೆ ಸೀಮೆಸುಣ್ಣದಿಂದ ನಕ್ಷೆ ಬರೆದು, ಮಲಮಗ ಲಾಯ್ಡ್ ಆಸ್ಬರ್ನ್‌ನ ಎದುರು ತವರದ ಸೈನಿಕರನ್ನು ಹೂಡಿ ಕದನಕ್ಕಿಳಿಯುತ್ತಿದ್ದರು. ಲಾಯ್ಡ್ 1898ರಲ್ಲಿ ಪತ್ರಿಕೆಯೊಂದರಲ್ಲಿ ಈ ನೆನಪುಗಳನ್ನು ಪ್ರಕಟಿಸಿದ.

ಆಟ ಮನೆಮನೆಗೆ ಬರಲು ಅಗ್ಗದ ಸೈನಿಕರು ಬೇಕಿತ್ತು. 1893ರಲ್ಲಿ ಲಂಡನ್ನಿನ ಬ್ರಿಟನ್ ಕುಟುಂಬ ಸೀಸದ ಸೈನಿಕರನ್ನು ಒಳಗೆ ಟೊಳ್ಳಾಗಿರುವಂತೆ ಎರಕ ಹೊಯ್ಯುವ ವಿಧಾನ ಕಂಡುಕೊಂಡಿತು. ಲೋಹ ಕಡಿಮೆಯಾಯಿತು, ತೂಕವೂ ಬೆಲೆಯೂ ಇಳಿದವು.

ವೆಲ್ಸ್ ಆಡಿದ್ದು ಇಂಥ ಸೈನಿಕರಿಂದ. ಮೊದಲು ಅವರ ರಣರಂಗವೆಂದರೆ ನೆಲದ ಮೇಲೆ ಒಟ್ಟಿದ ದಪ್ಪ ದಪ್ಪ ಪುಸ್ತಕಗಳು. ಆಮೇಲೆ ಮರದ ಇಟ್ಟಿಗೆ, ರಟ್ಟಿನ ಮನೆ, ಕಡ್ಡಿಗಳ ಕಾಡು ಬಂದವು. ಪ್ರತಿ ಸಲ ಆಡಿದಾಗಲೂ ಒಂದೊಂದು ಜಗಳ, ಪ್ರತಿ ಜಗಳಕ್ಕೂ ಒಂದೊಂದು ನಿಯಮ. ಕಾಲಾಳಿಗೆ ಒಂದು ಅಡಿ, ಕುದುರೆ ಸವಾರನಿಗೆ ಎರಡು ಅಡಿ ನಡೆ. ಫಿರಂಗಿಗೆ ಸರದಿಗೆ ನಾಲ್ಕು ಗುಂಡು. ಯೋಚಿಸುತ್ತ ಕೂರುವವರನ್ನು ಎಬ್ಬಿಸಲು ಕೈಗಡಿಯಾರದ ಕಾವಲು. ಸೈನ್ಯ ಹೂಡುವಾಗ ಎದುರಾಳಿಗೆ ಕಾಣದಂತೆ ನಡುವೆ ಪರದೆ. ರಣರಂಗವನ್ನು ಒಬ್ಬ ಸಿದ್ಧಪಡಿಸಿದರೆ, ಯಾವ ಬದಿ ಬೇಕೆಂದು ಆರಿಸಿಕೊಳ್ಳುವ ಹಕ್ಕು ಇನ್ನೊಬ್ಬನದು. ಅಣ್ಣ ಪಾಲು ಮಾಡಿದರೆ ತಮ್ಮ ಮೊದಲು ಆರಿಸಿಕೊಳ್ಳಬೇಕೆಂಬ ನಮ್ಮ ಹಳ್ಳಿಯ ನ್ಯಾಯವೇ ಇದೂ.

ಸೋಲನ್ನು ಒಪ್ಪುವುದು, ಒಪ್ಪದಿರುವುದು

ಈ ಆಟದ ಬೆಲೆ ಇರುವುದು ಗೆಲುವಿನಲ್ಲಲ್ಲ. ಲೆಕ್ಕಾಚಾರ ಎಲ್ಲಿ ತಪ್ಪಿತೆಂದು ಎದುರಾಳಿಯ ಕೈಯಿಂದ ತಿಳಿದುಕೊಳ್ಳುವುದರಲ್ಲಿ. ಎರಡನೆಯ ಮಹಾಯುದ್ಧದ ಎರಡು ಪ್ರಸಂಗಗಳು ಇದನ್ನು ಚೆನ್ನಾಗಿ ತೋರಿಸುತ್ತವೆ.

1942ರ ಮೇ ತಿಂಗಳಲ್ಲಿ ಜಪಾನಿನ ನೌಕಾಪಡೆ ಮಿಡ್‌ವೇ ದಾಳಿಯನ್ನು ಮೇಜಿನ ಮೇಲೆ ಆಡಿ ನೋಡಿತು. ಆಗ ದಾಳದ ಪ್ರಕಾರ ಅಮೆರಿಕದ ವಿಮಾನಗಳಿಂದ ಜಪಾನಿನ ಅಕಾಗಿ ಮತ್ತು ಕಾಗಾ ಎಂಬ ವಿಮಾನವಾಹಕ ಹಡಗುಗಳಿಗೆ ಒಂಬತ್ತು ಪೆಟ್ಟು ಬಿದ್ದವು. ಆಟ ನಡೆಸುತ್ತಿದ್ದ ಅಡ್ಮಿರಲ್ ಉಗಾಕಿ ಅದನ್ನು ಮೂರಕ್ಕೆ ಇಳಿಸಿದರು. ಮುಳುಗಿಹೋದ ಕಾಗಾ ಮುಂದಿನ ಆಟದಲ್ಲಿ ಮತ್ತೆ ತೇಲಿತು ಎಂದು ನೌಕಾ ವೈಮಾನಿಕ ಫುಚಿದಾ ಯುದ್ಧಾನಂತರ ಬರೆದರು. ಜೂನ್ ತಿಂಗಳಲ್ಲಿ ಕಡಲಿನಲ್ಲಿ ಅಕಾಗಿ, ಕಾಗಾ ಎರಡೂ ಮುಳುಗಿದವು. ಅವುಗಳ ಜೊತೆ ಇನ್ನೆರಡು ವಿಮಾನವಾಹಕಗಳೂ ಹೋದವು.

ಅದೇ ವರ್ಷ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಇನ್ನೊಂದು ಆಟ ಆರಂಭವಾಗಿತ್ತು. ಕ್ಷಯದಿಂದಾಗಿ ನಿವೃತ್ತರಾಗಿದ್ದ ಗಿಲ್ಬರ್ಟ್ ರಾಬರ್ಟ್ಸ್ ಎಂಬ ನೌಕಾಧಿಕಾರಿ, ಮಹಿಳಾ ನೌಕಾದಳದ ತರುಣಿಯರನ್ನು ಸೇರಿಸಿಕೊಂಡು ದೊಡ್ಡ ಕೋಣೆಯ ನೆಲವನ್ನೇ ಅಟ್ಲಾಂಟಿಕ್ ಸಾಗರವಾಗಿಸಿದರು. ಸೀಮೆಸುಣ್ಣದ ಗೆರೆಗಳೇ ಹಡಗಿನ ಜಾಡು. ಆಡಲು ಬಂದ ಅಧಿಕಾರಿಗಳು ಪರದೆಯ ಕಿಂಡಿಯಿಂದ ಇಣುಕಿ ಆಜ್ಞೆ ಕೊಡಬೇಕು. ಜರ್ಮನ್ ಜಲಾಂತರ್ಗಾಮಿಗಳು ಬೆಂಗಾವಲಿನ ಹಡಗುಗಳ ಸಾಲಿನೊಳಕ್ಕೇ ನುಗ್ಗಿ ಹೊಡೆಯುತ್ತಿವೆ ಎಂಬ ಊಹೆಗೆ ಈ ನೆಲದ ಮೇಲೆಯೇ ಬಲ ಬಂತು, ಅದಕ್ಕೆ ಪ್ರತಿತಂತ್ರವೂ ಸಿದ್ಧವಾಯಿತು.

ಮೊದಲ ಮಹಾಯುದ್ಧದಲ್ಲಿ ಜಲಾಂತರ್ಗಾಮಿ ನಡೆಸಿ ಹೆಸರಾಗಿದ್ದ ಅಡ್ಮಿರಲ್ ಮ್ಯಾಕ್ಸ್ ಹಾರ್ಟನ್ ಸ್ವತಃ ಇಲ್ಲಿ ಜಲಾಂತರ್ಗಾಮಿಯ ಪಾತ್ರ ವಹಿಸಿ ಆಡಿದರು. ಐದು ಸಲ ಆಡಿದರು, ಐದು ಸಲವೂ ಸೋತರು. ಸೋಲಿಸಿದಾಕೆ ಜಾನೆಟ್ ಒಕೆಲ್ ಎಂಬ ತರುಣಿ. ಉಗಾಕಿಯಂತೆ ಹಾರ್ಟನ್ ದಾಳ ತಿದ್ದಲಿಲ್ಲ. ಈ ಕೋಣೆಯಲ್ಲಿ ಸುಮಾರು ಐದು ಸಾವಿರ ಅಧಿಕಾರಿಗಳು ತರಬೇತಿ ಪಡೆದರು.

ಹೊಸ ಸೈನ್ಯದ ಮೊದಲ ದಿನ

ಯುದ್ಧದ ನಂತರ ಆಟ ಮತ್ತೆ ಹವ್ಯಾಸಿಗಳ ಕೈಗೆ ಬಂತು. 1957ರಲ್ಲಿ ಅಮೆರಿಕದ ಜಾಕ್ ಸ್ಕ್ರೂಬಿ ಇದಕ್ಕಾಗಿಯೇ ಪತ್ರಿಕೆ ಹೊರಡಿಸಿದರು. 1962ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ಫೆದರ್‌ಸ್ಟೋನ್ ಬರೆದ ‘ವಾರ್ ಗೇಮ್ಸ್’ ಪುಸ್ತಕ ಹೊಸ ಪೀಳಿಗೆಯನ್ನು ಸೆಳೆಯಿತು. 1983ರಲ್ಲಿ ಬಂದ ‘ವಾರ್‌ಹ್ಯಾಮರ್’ ಚರಿತ್ರೆಯ ಸೈನಿಕರ ಜಾಗದಲ್ಲಿ ಕಾಲ್ಪನಿಕ ಲೋಕದ ಪಡೆಗಳನ್ನು ನಿಲ್ಲಿಸಿತು.

ಈ ಹವ್ಯಾಸದಲ್ಲಿ ಹೊಸ ಸೈನ್ಯ ಕಟ್ಟುವುದೆಂದರೆ ತಿಂಗಳುಗಟ್ಟಲೆ ಕೆಲಸ. ಹೆಬ್ಬೆರಳ ಎತ್ತರದ ಗೊಂಬೆಗಳನ್ನು ಕೊಂಡು, ಅಂಟಿಸಿ, ಸಣ್ಣ ಕುಂಚದಿಂದ ಗುಂಡಿ, ಪಟ್ಟಿ, ಕಣ್ಣುರೆಪ್ಪೆಗೂ ಬಣ್ಣ ಹಚ್ಚಬೇಕು. ಅನೇಕ ಆಟಗಳಲ್ಲಿ ಪ್ರತಿ ದಳಕ್ಕೂ ಇಂತಿಷ್ಟು ಅಂಕವೆಂದು ಬೆಲೆ ಕಟ್ಟಿರುತ್ತಾರೆ. ಎರಡೂ ಕಡೆಯ ಅಂಕ ಸಮನಾದರೆ ಪಂದ್ಯ ಸರಿಸಮ. ಸ್ಪರ್ಧೆಗೆ ಹೋಗುವ ಮೊದಲು ಗೆಳೆಯರ ಮುಂದೆ ಒಂದೆರಡು ಬಾರಿ ಪರೀಕ್ಷೆ ನಡೆಯುತ್ತದೆ.

ಹೊಸದಾಗಿ ಬಣ್ಣ ಬಳಿದ ದಳ ಮೊದಲ ಕದನದಲ್ಲೇ ಓಡಿಹೋಗುತ್ತದೆ ಎಂಬುದು ಈ ಆಟಗಾರರ ನಡುವೆ ಹಳೆಯ ತಮಾಷೆ. ಇದರಲ್ಲಿ ಶಾಪವೇನೂ ಇರಲಾರದು. ಹೊಸ ದಳದ ಶಕ್ತಿ ಎಷ್ಟು, ಮಿತಿ ಎಷ್ಟು ಎಂಬುದು ಒಡೆಯನಿಗೇ ಇನ್ನೂ ತಿಳಿದಿರುವುದಿಲ್ಲ. ಹೆಮ್ಮೆಯಿಂದ ಅದನ್ನು ಮುಂದಿನ ಸಾಲಿನಲ್ಲೇ ನಿಲ್ಲಿಸಿರುತ್ತಾನೆ. ಎದುರು ಕುಳಿತ ಗೆಳೆಯನ ಕಣ್ಣೂ ಅದರ ಮೇಲೆಯೇ. ಸಂಜೆ ಸೋತ ಮೇಲೆ ಚಹಾ ಕುಡಿಯುತ್ತ ಗೆಳೆಯ ತೋರಿಸಿಕೊಡುವ ತಪ್ಪುಗಳೇ ಮುಂದಿನ ವಾರದ ಬಂಡವಾಳ.

ವೆಲ್ಸ್ ಯುದ್ಧಪ್ರಿಯರಾಗಿರಲಿಲ್ಲ. ಮೂರು ನಾಲ್ಕು ಸಲ ಈ ಆಟವಾಡಿದವರಿಗೆ ನಿಜವಾದ ಮಹಾಯುದ್ಧ ಎಂಥ ಎಡವಟ್ಟಿನ ವ್ಯವಹಾರವೆಂದು ಮನವರಿಕೆಯಾಗುತ್ತದೆ ಎಂದೇ ಅವರು ತಮ್ಮ ಪುಸ್ತಕ ಮುಗಿಸಿದರು. ಯುದ್ಧೋತ್ಸಾಹಿಗಳನ್ನೆಲ್ಲ ಒಂದು ಕೋಣೆಯಲ್ಲಿ ಕೂಡಿಹಾಕಿ, ಬೇಕಾದಷ್ಟು ಗೊಂಬೆ ಸೈನಿಕರನ್ನು ಕೊಟ್ಟುಬಿಡಬೇಕೆಂಬುದು ಅವರ ಆಸೆಯಾಗಿತ್ತು. ಮರುವರ್ಷವೇ, 1914ರ ಆಗಸ್ಟ್‌ನಲ್ಲಿ, ಮೊದಲ ಮಹಾಯುದ್ಧ ಸಿಡಿಯಿತು. ಆಗ ವೆಲ್ಸ್ ಕೂಡ ಇದು ಯುದ್ಧಗಳನ್ನೇ ಕೊನೆಗಾಣಿಸುವ ಯುದ್ಧವೆಂದು ನಂಬಿ ಅದನ್ನು ಬೆಂಬಲಿಸಿ ಬರೆದರು. ಆ ನಂಬಿಕೆ ಸುಳ್ಳಾಯಿತು. ನೆಲದ ಮೇಲೆ ಬಿದ್ದ ಸೀಸದ ಸೈನಿಕರನ್ನು ಎತ್ತಿ ಪೆಟ್ಟಿಗೆಯಲ್ಲಿಟ್ಟು ಮರುದಿನ ಮತ್ತೆ ಹೂಡಬಹುದು. ಆ ನಾಲ್ಕು ವರ್ಷಗಳಲ್ಲಿ ಬಿದ್ದ ಲಕ್ಷಾಂತರ ಮಂದಿ ಮತ್ತೆ ಏಳಲಿಲ್ಲ.