ಕಾವು ಕಾಯುವ ಕರ್ನೆಲ್

ಮುಧೋಳ, ಜಮಖಂಡಿ ಸೀಮೆಯ ಗಾಣದ ಮನೆಗಳಲ್ಲಿ ಕಬ್ಬಿನ ಹಾಲು ಕುದಿಯುವಾಗ ಅನುಭವಿಯೊಬ್ಬ ಕೊಪ್ಪರಿಗೆಯ ಬಳಿಯೇ ನಿಂತಿರುತ್ತಾನೆ. ಪಾಕವು 118 ಡಿಗ್ರಿಯ ಆಸುಪಾಸಿಗೆ ಬಂದೊಡನೆ ಆತ ಕೂಗಬೇಕು. ತಡವಾದರೆ ಬೆಲ್ಲ ಕಪ್ಪಾಗುತ್ತದೆ. ಗಣಕಯಂತ್ರದೊಳಗೂ ಇಂಥದೇ ಕಾವಲು ನಡೆದಿದೆ. ಆ ವೃತ್ತಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳು ಮನ್ನಿಸಲಿ, ಅದರ ಕಥೆ ಉಳಿದವರಿಗಾಗಿ.

1996ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್ ಹಾಗೂ ತೋಷಿಬಾ ಸಂಸ್ಥೆಗಳು ಹೊರತಂದ ಎಸಿಪಿಐ ನಿಯಮಾವಳಿಯು ಕಾವಿಗೆ ಗಡಿಗಳನ್ನು ಗೊತ್ತುಮಾಡಿತು. ಒಂದನ್ನು ದಾಟಿದರೆ ಫ್ಯಾನ್ ತಿರುಗಬೇಕು, ಇನ್ನೊಂದನ್ನು ದಾಟಿದರೆ ಪ್ರೊಸೆಸರ್ ವೇಗ ತಗ್ಗಿಸಬೇಕು, ಕೊನೆಯದನ್ನು ದಾಟಿದರೆ ಯಂತ್ರವೇ ನಿಲ್ಲಬೇಕು. ಲಿನಕ್ಸ್‌ನ ಕರ್ನೆಲ್, ಅಂದರೆ ಯಂತ್ರಕ್ಕೂ ತಂತ್ರಾಂಶಗಳಿಗೂ ನಡುವೆ ನಿಂತ ತಿರುಳು, 2008ರ 2.6.25ನೆಯ ಆವೃತ್ತಿಯಲ್ಲಿ ಇದಕ್ಕೊಂದು ಸಾಮಾನ್ಯ ಚೌಕಟ್ಟನ್ನು ಪಡೆಯಿತು. ಅದು ಕಾವನ್ನು ಡಿಗ್ರಿಯ ಸಾವಿರದೊಂದಂಶದಲ್ಲಿ ಬರೆದಿಡುತ್ತದೆ. ಬೀಳಗಿಯ ಬೇಸಿಗೆಯ 40 ಡಿಗ್ರಿ ಅದರ ಲೆಕ್ಕದಲ್ಲಿ 40000!

ಆದರೆ ತೊಡಕೊಂದಿತ್ತು. ಕಾವನ್ನು ತಿಳಿಯಬೇಕಾದ ತಂತ್ರಾಂಶವು ಬಹುಮಟ್ಟಿಗೆ ಆ ಕಡತವನ್ನು ಮತ್ತೆ ಮತ್ತೆ ಓದುತ್ತಲೇ ಇರಬೇಕಾಗಿತ್ತು. ನಿಮಿಷಕ್ಕೊಮ್ಮೆ ಓದಿದರೆ ನಡುವೆ ಗಡಿ ದಾಟಿ ಹೋಗಿರಬಹುದು. ಎಡೆಬಿಡದೆ ಓದಿದರೆ ಆ ಕೆಲಸಕ್ಕೆಂದೇ ಪ್ರೊಸೆಸರ್ ಎಚ್ಚರವಿದ್ದು ಬ್ಯಾಟರಿ ಸವೆಯುತ್ತದೆ. 2020ರ 5.9ನೆಯ ಆವೃತ್ತಿಗೆ ಡೇನಿಯಲ್ ಲೆಜ್ಕಾನೊ ಅವರು ನೆಟ್‌ಲಿಂಕ್ ಎಂಬ ಸಂದೇಶಮಾರ್ಗದ ಸೂಚನೆಗಳನ್ನು ಸೇರಿಸಿದರು. ಕಾವು ಗಡಿಯನ್ನು ಏರಿದಾಗಲೂ ಇಳಿದಾಗಲೂ ಕರ್ನೆಲ್ ತಾನೇ ಕೂಗಿ ಹೇಳತೊಡಗಿತು. ಇವೆರಡರಲ್ಲಿ ಇಳಿದಾಗಿನ ಸೂಚನೆಯೇ ನನಗೆ ಹೆಚ್ಚು ಮೆಚ್ಚುಗೆ. ಕೆಲಸವನ್ನು ತಗ್ಗಿಸಿದ ತಂತ್ರಾಂಶಕ್ಕೆ ಮತ್ತೆ ಯಾವಾಗ ಏರಿಸಬಹುದೆಂದು ತಿಳಿಯುವುದು ಅದರಿಂದಲೇ.