ನಾಲ್ಕರಲ್ಲಿ ಒಂದು

ನಾಲ್ಕು ಉತ್ತರಗಳನ್ನು ಮುಂದಿಟ್ಟು, ಸರಿಯಾದುದನ್ನು ಆರಿಸೆನ್ನುವ ಪರೀಕ್ಷೆ ಅಮೆರಿಕದ ಕ್ಯಾನ್ಸಾಸಿನಲ್ಲಿ 1914-15ರ ಸುಮಾರಿಗೆ ಫ್ರೆಡರಿಕ್ ಕೆಲ್ಲಿ ಎಂಬ ವಿದ್ವಾಂಸನ ಕೈಯಲ್ಲಿ ರೂಪುಗೊಂಡಿತು. 1979ರಲ್ಲಿ ಕೇಂದ್ರ ಲೋಕಸೇವಾ ಆಯೋಗದ ಪೂರ್ವಭಾವಿ ಪರೀಕ್ಷೆಗೆ ಬಂದ ಈ ಕ್ರಮ, 1994ರಲ್ಲಿ ಸಿ.ಇ.ಟಿ. ಘಟಕ ಸ್ಥಾಪನೆಯಾದ ಮೇಲೆ ಕರ್ನಾಟಕದ ಮನೆಮಾತೇ ಆಯಿತು.

ಇದನ್ನು ಜೂಜೆಂದು ಹಳಿಯುವವರುಂಟು. ಆದರೆ ಇಲ್ಲಿ ಗೆಲ್ಲುವ ಉಪಾಯಗಳು ಚರಿತ್ರಕಾರನ ವಿವೇಕದಿಂದ ಬಹುದೂರವಿಲ್ಲ. ಹಾಸನ ಸೀಮೆಯ ಗುಡಿಗಳನ್ನೇ ನೋಡೋಣ.

ಬೇಲೂರಿನ ಚೆನ್ನಕೇಶವಾಲಯದ ಶಿಲ್ಪಿಗಳಲ್ಲಿ ಒಬ್ಬನನ್ನು ಹೆಸರಿಸಿರಿ ಎಂದರೆ, ಜಕಣಾಚಾರಿಯ ಹೆಸರು ಕಂಡೊಡನೆ ಕೈ ಅತ್ತ ಹರಿಯುತ್ತದೆ. ಆದರೆ ಅಲ್ಲಿಯ ವಿಗ್ರಹಗಳ ಕೆಳಗೆ ತಮ್ಮ ಹೆಸರು ಕೊರೆದವರು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು. ಪರಿಚಿತವಾದುದೆಲ್ಲ ಪ್ರಮಾಣವಲ್ಲ. ಆದುದರಿಂದ ಆಯ್ಕೆಗಳನ್ನು ನೋಡುವ ಮೊದಲೇ ಉತ್ತರವನ್ನು ಮನಸ್ಸಿನಲ್ಲಿ ಹುಡುಕುವುದು ಲೇಸು.

ಎರಡನೆಯದು, ಪ್ರಶ್ನೆಯನ್ನು ಕೊನೆಯವರೆಗೆ ಓದುವುದು. 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಹೊಯ್ಸಳ ತಾಣಗಳು ಬೇಲೂರು, ಹಳೇಬೀಡು, ಸೋಮನಾಥಪುರ. 'ಸೇರದಿರುವುದು ಯಾವುದು?' ಎಂದಾಗ ಮಾತ್ರ ಅರಸೀಕೆರೆ ಸರಿಯುತ್ತರ.

ಮೂರನೆಯದು ಕಳೆಯುವಿಕೆ. ಅರಸೀಕೆರೆಯ ಈಶ್ವರ ದೇವಾಲಯ 1220ರದು. ಆಗ ಆಳಿದವನಾರು? 1117ರಲ್ಲಿ ಬೇಲೂರಿನ ಗುಡಿಯನ್ನು ಪ್ರತಿಷ್ಠಿಸಿದ ವಿಷ್ಣುವರ್ಧನನು ಆಗಲಾರ. 14ನೆಯ ಶತಮಾನದಲ್ಲಿ ಆಳಿದ ಮೂರನೆಯ ಬಲ್ಲಾಳನೂ ಆಗಲಾರ. ಉಳಿದವರು ಇಮ್ಮಡಿ ಬಲ್ಲಾಳ ಮತ್ತು ಅವನ ಮಗ ಇಮ್ಮಡಿ ನರಸಿಂಹ. ತಂದೆಯ ಆಳ್ವಿಕೆ ಮುಗಿದು ಮಗನದು ಮೊದಲಾದುದು ಅದೇ ವರ್ಷದ ಸುಮಾರಿಗೆ. ಇಲ್ಲಿಂದ ಮುಂದೆ ಉಪಾಯ ಸಾಗದು, ಶಾಸನವನ್ನೇ ಓದಬೇಕು.

ಹೀಗೆ ಕಳೆದರೆ ಲಾಭವೇನು? ತಪ್ಪಿಗೆ ಮೂರನೆಯ ಒಂದು ಅಂಕ ಕಳೆಯುವ ಪರೀಕ್ಷೆಯಲ್ಲಿ ನಾಲ್ಕರಲ್ಲಿ ಕಣ್ಣುಮುಚ್ಚಿ ಆರಿಸಿದರೆ ಸರಾಸರಿ ಲಾಭ ಸೊನ್ನೆ. ಒಂದನ್ನು ಖಚಿತವಾಗಿ ತಳ್ಳಿಹಾಕಿದರೆ ಒಂಬತ್ತನೆಯ ಒಂದು ಅಂಕ. ಎರಡನ್ನು ತಳ್ಳಿದರೆ ಮೂರನೆಯ ಒಂದು. ತಪ್ಪಿಗೆ ದಂಡವಿಲ್ಲದ ಸಿ.ಇ.ಟಿ.ಯಲ್ಲಿ ಯಾವುದನ್ನೂ ಖಾಲಿ ಬಿಡಬಾರದು. 60 ಪ್ರಶ್ನೆಗಳಿಗೆ ಅಲ್ಲಿರುವುದು 80 ನಿಮಿಷ, ಒಂದರಲ್ಲೇ ನಿಲ್ಲಲೂ ಬಾರದು.

ಒಂದು ಭೇದವನ್ನು ಮಾತ್ರ ಮರೆಯಬಾರದು. ಪರೀಕ್ಷೆಯ ಹಾಳೆಯಲ್ಲಿ ಊಹೆಗೂ ಅಂಕ ದೊರೆತೀತು. ಬಲ್ಲಿಗಾವೆಯಿಂದ ಬಂದು ಬೇಲೂರಿನ ಕಲ್ಲಿನಲ್ಲಿ ಹೆಸರು ಬರೆದವನಿಗೆ ನಮ್ಮ ಊಹೆಯಿಂದ ನ್ಯಾಯ ಸಲ್ಲದು. ತನ್ನ ಗುರುತನ್ನು ತಾನೇ ಬಿಟ್ಟುಹೋದ ದಾಸೋಜನನ್ನು ಓದಿ ಕಂಡುಕೊಳ್ಳುವುದು ನಮ್ಮ ಹೊಣೆ.